ಪಿಡ್ಡನಾಯಕ

ಕಲಬುರಗಿಯಿಂದ ಹೊರಟು ಜೇವರ್ಗಿ, ಶಹಾಪುರ ದಾಟಿದರೆ ಗುಡ್ಡಗಳ ನಡುವೆ ಸುರಪುರ ಕಾಣುತ್ತದೆ. ಔರಂಗಜೇಬನ ಕೊನೆಯ ಮುತ್ತಿಗೆಯನ್ನು ಎದುರಿಸಿದ ಬೇಡ ದೊರೆ ಪಿಡ್ಡನಾಯಕ ಈ ಸಂಸ್ಥಾನದವನು.

ಅವನಿಗೆ ಅಧಿಕಾರ ಬಂದದ್ದು ಕಷ್ಟದ ಕಾಲದಲ್ಲಿ. 1686ರಲ್ಲಿ ಬಿಜಾಪುರದ ಆದಿಲ್‌ಶಾಹಿ ಉರುಳಿತು. ಮರುವರ್ಷ ಬೇಡರ ಆಗಿನ ದೊರೆ ಪಾಮನಾಯಕ ಸಗರದ ಕೋಟೆಯನ್ನು ಮೊಗಲರಿಗೆ ಬಿಟ್ಟುಕೊಟ್ಟು, ಕೆಲವೇ ವಾರಗಳಲ್ಲಿ ತೀರಿಕೊಂಡ. ವಾರಸುದಾರನಾದ ಪಿಡ್ಡನಾಯಕ ಮೊದಲು ಮೊಗಲರ ಸೇವೆಗೆ ಸೇರಿದ. 1689ರ ರಾಯಚೂರು ಕಾರ್ಯಾಚರಣೆಯಲ್ಲೂ ಇದ್ದ. ಆದರೆ ಅಲ್ಲಿಂದ ಮರಳಿ ವಾಗಣಗೇರಾ ಗುಡ್ಡದ ಕೋಟೆಯನ್ನು ಬಲಪಡಿಸಿಕೊಂಡು, ಬಂದೂಕಿನಲ್ಲಿ ಎತ್ತಿದ ಕೈಯಾದ ತನ್ನ ಬೇಡ ಪಡೆಯನ್ನು ಕೂಡಿಸತೊಡಗಿದ.

1705ರ ಫೆಬ್ರವರಿಯಲ್ಲಿ ಎಂಬತ್ತಾರರ ಹರೆಯದ ಬಾದಶಹ ಔರಂಗಜೇಬನೇ ಮುತ್ತಿಗೆಗೆ ಬಂದ. ಕೋಟೆಗೆ ಎದುರಾಗಿದ್ದ ಕೆಂಪು ದಿನ್ನೆಯನ್ನು ಮೊಗಲರು ಒಮ್ಮೆ ಹಿಡಿದರು. ಬೇಡರು ಕಲ್ಲು, ಗುಂಡಿನ ಮಳೆ ಸುರಿಸಿ ಅವರನ್ನು ಕೆಳಗಿಳಿಸಿದರು. ಮಾರ್ಚ್ ಕೊನೆಗೆ ಧನಾಜಿ ಜಾಧವನ ಮರಾಠಾ ಪಡೆ ನೆರವಿಗೆ ಬಂತು. ಒಂದು ತುಕಡಿ ಮೊಗಲರನ್ನು ಮುಂದೆ ತಡೆದು ನಿಲ್ಲಿಸಿದರೆ, ಇನ್ನೊಂದು ಕೋಟೆಯಲ್ಲಿದ್ದ ಮರಾಠರ ಹೆಂಗಸರು ಮಕ್ಕಳನ್ನು ಹಿಂಬದಿಯಿಂದ ಪಾರುಮಾಡಿತು.

ಅಷ್ಟರಲ್ಲಿ ಪಿಡ್ಡನಾಯಕ ಸಂಧಾನದ ಮಾತು ತೆಗೆದ. ಅವನ ತಮ್ಮ ಮೊಗಲರ ಬಿಡಾರಕ್ಕೆ ಬಂದ, ಬಾದಶಹನ ಪಾಳೆಯದಲ್ಲಿ ಜಯಭೇರಿ ಮೊಳಗಿತು. ಆಮೇಲೆ ನಾಯಕನಿಗೆ ಹುಚ್ಚು ಹಿಡಿದಿದೆ, ಕೋಟೆ ಬಿಟ್ಟು ಓಡಿಹೋಗಿದ್ದಾನೆ ಎಂಬ ಸುದ್ದಿ ಹಬ್ಬಿತು. ನಾಯಕ ಒಳಗೇ ಇದ್ದ! ದೊಡ್ಡ ಸೈನ್ಯದೆದುರು ಚಿಕ್ಕ ದೊರೆಗೆ ಬೇಕಿದ್ದದ್ದು ದಿನಗಳು. ಅವನ್ನು ಅವನು ಹೀಗೆ ಗಳಿಸಿಕೊಂಡ.

ಮೊಗಲ ಸೇನಾಪತಿ ಜುಲ್ಫಿಕರ್ ಖಾನ್ ತೋಪುಗಳೊಂದಿಗೆ ಬಂದು ಬೇಡರ ನೀರಿನ ಬಾವಿಗಳನ್ನು ಹಿಡಿದ ಮೇಲೆ ಕೋಟೆ ನಿಲ್ಲಲಿಲ್ಲ. ಏಪ್ರಿಲ್ 27ರ ರಾತ್ರಿ ಮನೆಗಳಿಗೆ ಬೆಂಕಿಯಿಟ್ಟು ಬೇಡರು ಕತ್ತಲಲ್ಲಿ ಕರಗಿದರು. ಮೊಗಲರ ಕೈಗೆ ಸಿಕ್ಕಿದ್ದು ಉರಿಯುವ ಊರು, ದೊರೆ ಸಿಗಲಿಲ್ಲ. ಕೋಟೆಗೆ ರಹಮಾನ್ ಬಕ್ಷ್ ಎಂದು ಹೊಸ ಹೆಸರಿಟ್ಟರು. ಊರು ಇಂದಿಗೂ ವಾಗಣಗೇರಾ.

ಮಳೆಗಾಲ ಕಳೆಯಲು ಹತ್ತಿರದ ದೇವಾಪುರದಲ್ಲಿ ಬೀಡುಬಿಟ್ಟ ಔರಂಗಜೇಬ ಅಲ್ಲಿ ತೀವ್ರ ಕಾಯಿಲೆ ಬಿದ್ದ. ಅಕ್ಟೋಬರಿನಲ್ಲಿ ಉತ್ತರಕ್ಕೆ ಹೊರಟವನು 1707ರಲ್ಲಿ ಅಹಮದ್‌ನಗರದ ಬಳಿ ತೀರಿಕೊಂಡ. ಇತ್ತ ನಾಯಕರ ಮನೆತನ ಸುರಪುರದಿಂದ ಆಳಿತು. 1858ರ ಫೆಬ್ರವರಿಯಲ್ಲಿ ರಾಜಾ ವೆಂಕಟಪ್ಪನಾಯಕನ ಬಂಡಾಯವನ್ನು ಬ್ರಿಟಿಷರು ಮುರಿಯುವವರೆಗೂ.