ಹಿಮದ ನಾಡಿನಲ್ಲಿ ಕ್ಯಾಮೆರಾ ಹಿಡಿದವನು

ಕಳೆದ ಮಳೆಗಾಲದಲ್ಲಿ ಕುರಕುಂಭದ ನಮ್ಮ ಮನೆಯಿಂದ ಬಾರಾಮತಿ ತಾಲೂಕಿನ ಮಯೂರೇಶ್ವರ ಅಭಯಾರಣ್ಯಕ್ಕೆ ಚಿಂಕಾರ ನೋಡಲು ಹೋಗಿದ್ದೆವು. ಗೆಳೆಯರ ಏ.ಸಿ. ಕಾರಿನಿಂದ ಇಳಿದು ಕ್ಯಾಮೆರಾ ಎತ್ತಿದರೆ ಲೆನ್ಸಿನ ತುಂಬ ಮಂಜು! ಒರೆಸುವಷ್ಟರಲ್ಲಿ ಚಿಂಕಾರ ಮಾಯ. ತಣ್ಣಗಾದ ಗಾಜಿಗೆ ತೇವದ ಗಾಳಿ ಸೋಕಿದರೆ ನೀರು ಕಟ್ಟುತ್ತದೆಂದು ಬಿ.ಎಸ್ಸಿ.ಯಲ್ಲಿ ಓದಿದ್ದು ಆ ಹೊತ್ತಿಗೆ ನೆನಪಾಗಲಿಲ್ಲ. ನೂರು ವರ್ಷಕ್ಕೂ ಹಿಂದೆ ಇದೇ ನೀರಿನ ಹನಿಯೊಡನೆ ಹೆಣಗಿದ ಹರ್ಬರ್ಟ್ ಪಾಂಟಿಂಗ್‌ನ ಕಥೆಯನ್ನು ಓದುಗರಿಗೆ ಹೇಳಬೇಕೆನಿಸಿದ್ದು ಅಂದೇ.

ಕ್ಯಾಪ್ಟನ್ ಸ್ಕಾಟ್‌ನ ದಕ್ಷಿಣಧ್ರುವ ಯಾತ್ರೆಯನ್ನು ಬಹಳ ಮಂದಿ ಬಲ್ಲರು; ತಂಡದ ಛಾಯಾಗ್ರಾಹಕ ಪಾಂಟಿಂಗ್‌ನನ್ನು ಬಲ್ಲವರು ಕಡಿಮೆ. 1911ರ ಜನವರಿಯಲ್ಲಿ ‘ಟೆರಾ ನೋವಾ’ ಹಡಗು ಅಂಟಾರ್ಕ್ಟಿಕದ ಇವಾನ್ಸ್ ಭೂಶಿರವನ್ನು ತಲುಪಿತು. ಹಿಮದಂಚಿನಲ್ಲಿ ಕಟ್ಟಿದ್ದ ಎರಡು ನಾಯಿಗಳ ಹತ್ತಿರ ಆರೇಳು ಹಂತಕ ತಿಮಿಂಗಿಲಗಳು ಸುಳಿದಾಡುವುದನ್ನು ಕಂಡು ಪಾಂಟಿಂಗ್ ಕ್ಯಾಮೆರಾ ಹೊತ್ತು ಓಡಿದ. ಅವು ಕೆಳಗಿನಿಂದ ಗುದ್ದಿ, ಎರಡೂವರೆ ಅಡಿ ದಪ್ಪದ ಹಿಮವನ್ನು ಅವನ ಕಾಲಡಿಯಲ್ಲೇ ಒಡೆದವು. ತುಂಡಿನಿಂದ ತುಂಡಿಗೆ ಹಾರಿ ಪಾರಾದ. ನಾಯಿಗಳೂ ಉಳಿದವು.

ಆದರೆ ಈ ಸಾಹಸಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಅವನ ನಿತ್ಯದ ಮುತುವರ್ಜಿ. ಚಳಿಯಿಂದ ಬೆಚ್ಚನೆಯ ಗುಡಿಸಲಿಗೆ ಕ್ಯಾಮೆರಾ ತಂದರೆ ಮೈಯೆಲ್ಲ ನೀರು. ಮತ್ತೆ ಹೊರಗೊಯ್ದರೆ ಆ ನೀರೇ ಮಂಜುಗಡ್ಡೆ. ಆದ್ದರಿಂದ ಕ್ಯಾಮೆರಾಗಳನ್ನು ಹೊರಗೇ ಇಡುತ್ತಿದ್ದ. ಉಸಿರು ತಗುಲಿದರೂ ಲೆನ್ಸಿನ ಮೇಲೆ ಹಿಮದ ಪೊರೆ. ಒಮ್ಮೆ ಕ್ಯಾಮೆರಾದ ಲೋಹಕ್ಕೆ ನಾಲಿಗೆ ತಾಗಿ ಅಂಟಿಕೊಂಡು, ಕಿತ್ತಾಗ ಚರ್ಮ ಅಲ್ಲೇ ಉಳಿಯಿತಂತೆ! ಗಾಜಿನ ಪ್ಲೇಟುಗಳನ್ನು ಗುಡಿಸಲಿನ ಪುಟ್ಟ ಕತ್ತಲೆಕೋಣೆಯಲ್ಲೇ ತೊಳೆದ. ಪೆಂಗ್ವಿನ್ ಮತ್ತು ಸ್ಕುವಾ ಹಕ್ಕಿಗಳ ಗೂಡು, ಮೊಟ್ಟೆ, ಮರಿಗಳ ಸಂಸಾರವನ್ನೂ, ಹಲ್ಲಿನಿಂದ ಹಿಮ ಕೊರೆದು ಉಸಿರಾಡುವ ಕಿಂಡಿ ಕಾಪಾಡಿಕೊಳ್ಳುವ ಸೀಲನ್ನೂ ಚಲನಚಿತ್ರದಲ್ಲಿ ಹಿಡಿದ. ಬೇಟೆಗಾರನಿಗೆ ಬೇಕಾದ ತಾಳ್ಮೆಯೇ, ಆದರೆ ಇಲ್ಲಿ ಪ್ರಾಣಿ ಬದುಕಿರಬೇಕು.

ಧ್ರುವದ ಪಯಣಕ್ಕೆ ಅವನು ಹೋಗಲಿಲ್ಲ. 1912ರ ಆರಂಭದಲ್ಲಿ ಹಡಗೇರಿ ಮರಳಿದ. ಸ್ಕಾಟ್ ಮತ್ತು ಸಂಗಡಿಗರ ಮರಣವಾರ್ತೆ ಲೋಕಕ್ಕೆ ಮುಟ್ಟಿದ್ದು 1913ರ ಫೆಬ್ರವರಿಯಲ್ಲಿ. ಆಮೇಲೆ ಆ ಚಿತ್ರಗಳನ್ನು ನೋಡಿದವರಿಗೆ ಕಂಡದ್ದು ಸ್ಕಾಟ್‌ನ ದುರಂತವೇ. ಪೆಂಗ್ವಿನ್ ಬರಿಯ ವಿನೋದವಾಯಿತು. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಪಾಂಟಿಂಗ್ 1914ರಲ್ಲಿ ಚಲನಚಿತ್ರದ ಹಕ್ಕನ್ನು ಸ್ವಂತ ಹಣದಿಂದ ಕೊಂಡು ಲಂಡನ್ನಿನಲ್ಲಿ ಉಪನ್ಯಾಸ ನೀಡಿದ. ಅದನ್ನೇ 1924ರಲ್ಲಿ ಮೂಕಿಚಿತ್ರವಾಗಿಯೂ 1933ರಲ್ಲಿ ವಾಕ್ಚಿತ್ರವಾಗಿಯೂ ಹೊಸದಾಗಿ ಜೋಡಿಸಿದ. 1935ರಲ್ಲಿ ತೀರಿಕೊಂಡ. ಆ ಮೂಕಿಚಿತ್ರವನ್ನು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಜೀರ್ಣೋದ್ಧಾರ ಮಾಡಿ 2011ರಲ್ಲಿ ಬಿಡುಗಡೆ ಮಾಡಿತು. ಆ ಸೀಲು ಅದರಲ್ಲಿ ಇನ್ನೂ ಹಿಮ ಕೊರೆಯುತ್ತಿದೆ.