ಊರಿಗೆ ಹೋದವರ ಗಿಳಿ: ಸಾಕಿದ ಜೀವವನ್ನು ಒಪ್ಪಿಸುವ ಪದ್ಧತಿಯ ಚರಿತ್ರೆ

ಸಾಕಿದ ಜೀವವನ್ನು ಮತ್ತೊಬ್ಬರ ವಶಕ್ಕೆ ಒಪ್ಪಿಸುವ ಪದ್ಧತಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟದ ಸೀಮೆಗೆ ಹೊಸದಲ್ಲ. ಕುರಿ, ಮೇಕೆ, ಕಡಸುಗಳನ್ನು ತಾವೇ ಮೇಯಿಸಲು ಅನುಕೂಲವಿಲ್ಲದವರು ಅವನ್ನು ಅನುಕೂಲವಿದ್ದವರಿಗೆ ‘ಪಾಲಿಗೆ’ ಬಿಡುತ್ತಿದ್ದರು. ಎಂದರೆ ಸಾಕುವ ಶ್ರಮಕ್ಕೆ ಪ್ರತಿಯಾಗಿ ಹುಟ್ಟುವ ಮರಿಗಳಲ್ಲಿ ಇಂತಿಷ್ಟು ಭಾಗವೆಂಬ ಮಾತು ಮೊದಲೇ ಆಗಿರುತ್ತಿತ್ತು. ಗಿಳಿಯ ವಿಷಯದಲ್ಲಿ ಇಂಥ ಕರಾರಿಗೆ ಎಡೆಯೇ ಇರಲಿಲ್ಲ. ಅದರಿಂದ ಹಾಲಿಲ್ಲ, ಉಣ್ಣೆಯಿಲ್ಲ, ಗೊಬ್ಬರವೂ ಇಲ್ಲ. ಆದಕಾರಣ ಮನೆಯವರು ಊರಿಗೆ ಹೊರಟಾಗ ಪಂಜರ ಯಾರ ಮನೆ ಸೇರಬೇಕೆಂಬುದನ್ನು ಲಾಭ ನಿರ್ಧರಿಸುತ್ತಿರಲಿಲ್ಲ, ನೆರೆಹೊರೆಯ ನಂಟು ಮಾತ್ರ ನಿರ್ಧರಿಸುತ್ತಿತ್ತು. ಈ ಪದ್ಧತಿಯ ಬಲವೂ ದೌರ್ಬಲ್ಯವೂ ಅಲ್ಲೇ ಇವೆ.

ಗಿಳಿ ಕೈಯಿಂದ ಕೈಗೆ ದಾಟುವ ಕಥೆ ಕನ್ನಡ ಸಾಹಿತ್ಯಕ್ಕೆ ಬಹಳ ಹಳೆಯದು. ಬಾಣನ ಸಂಸ್ಕೃತ ಕೃತಿಯನ್ನು ಆಧರಿಸಿ ಒಂದನೇ ನಾಗವರ್ಮನು ಚಂಪುವಾಗಿ, ಎಂದರೆ ಗದ್ಯಪದ್ಯಗಳು ಬೆರೆತ ಕಾವ್ಯವಾಗಿ, ರಚಿಸಿದ ‘ಕರ್ಣಾಟಕ ಕಾದಂಬರಿ’ಯಲ್ಲಿ ವೈಶಂಪಾಯನನೆಂಬ ಗಿಳಿ ಪಂಜರದಲ್ಲಿ ಶೂದ್ರಕ ರಾಜನ ಆಸ್ಥಾನಕ್ಕೆ ಬರುತ್ತದೆ, ಬೇಟೆಗಾರರ ಕೈಯಲ್ಲಿ ತಂದೆಯನ್ನು ಕಳೆದುಕೊಂಡು ನೆಲಕ್ಕೆ ಬಿದ್ದಿದ್ದ ಆ ಮರಿಯನ್ನು ಜಾಬಾಲಿಯ ಮಗ ಹಾರೀತನು ಆಶ್ರಮಕ್ಕೆ ಒಯ್ದು ಉಳಿಸಿರುತ್ತಾನೆ. ‘ಶುಕಸಪ್ತತಿ’ಯ ಕಥಾಚೌಕಟ್ಟು ಇನ್ನೂ ಹತ್ತಿರದ್ದು: ಅಲ್ಲಿ ವರ್ತಕನು ದೂರದೇಶಕ್ಕೆ ಹೋಗುತ್ತಾನೆ, ಗಿಳಿ ಮನೆಯಲ್ಲೇ ಉಳಿದು ರಾತ್ರಿಗೊಂದು ಕಥೆ ಹೇಳುತ್ತಾ ಅವನ ಹೆಂಡತಿಯನ್ನು ಹೊಸ್ತಿಲು ದಾಟದಂತೆ ತಡೆಯುತ್ತದೆ. ತೆಲುಗಿನಲ್ಲಿ ಇದನ್ನು ಪಾಲವೇಕರಿ ಕದಿರೀಪತಿ ಕಾವ್ಯವಾಗಿಸಿದ್ದಾನೆ. ಕನ್ನಡ ತೆಲುಗು ಎರಡೂ ನಡೆಯುವ ಈ ಸೀಮೆಯ ಮನೆಗಳಲ್ಲಿ ಗಿಳಿಗೆ ‘ರಾಮಚಿಲುಕ’ ಎಂಬ ತೆಲುಗು ಹೆಸರೂ ಉಂಟು. ‘ಶುಕಸಪ್ತತಿ’ಯ ಕಥೆಯಲ್ಲಿ ಗಮನಿಸಬೇಕಾದ ಅಂಶವೆಂದರೆ, ಯಜಮಾನ ಪ್ರಯಾಣ ಹೊರಟರೂ ಮನೆ ಬರಿದಾಗುವುದಿಲ್ಲ, ಗಿಳಿಯನ್ನು ಯಾರಿಗೂ ಒಪ್ಪಿಸಬೇಕಾಗುವುದಿಲ್ಲ.

ಹಳೆಯ ತುಂಬುಕುಟುಂಬದ ಸ್ಥಿತಿಯೂ ಅದೇ ಆಗಿತ್ತು. ಪಡಸಾಲೆಯ ತೊಲೆಗೆ ಬಡಿದ ಕೊಕ್ಕೆಯಲ್ಲಿ ಪಂಜರ ತೂಗುತ್ತಿದ್ದರೆ, ಯಾತ್ರೆಗೆ ಹೋದವರು ಹೋದರೂ ನೆನೆಸಿದ ಕಡಲೆ, ಹಸಿಮೆಣಸಿನಕಾಯಿ, ಸೀಬೆಹಣ್ಣಿನ ಹೋಳು ಹಾಕಲು ಮನೆಯಲ್ಲಿ ಒಬ್ಬ ಅಜ್ಜಿಯಾದರೂ ಇರುತ್ತಿದ್ದಳು. ಜಾತ್ರೆ ಸಂತೆಗಳಲ್ಲಿ ಗಿಣಿಶಾಸ್ತ್ರ ಹೇಳುವವರು, ಎಂದರೆ ಗಿಳಿಯಿಂದ ಚೀಟಿ ಎತ್ತಿಸಿ ಭವಿಷ್ಯ ನುಡಿಯುವವರು, ಹಕ್ಕಿಯನ್ನು ಜೊತೆಗೇ ಒಯ್ಯುತ್ತಿದ್ದುದರಿಂದ ಅವರಿಗೂ ಈ ತೊಡಕಿರಲಿಲ್ಲ. 19ನೇ ಶತಮಾನದ ಕೊನೆಯ ದಶಕದಲ್ಲಿ ಗೌರಿಬಿದನೂರಿಗೂ, 20ನೇ ಶತಮಾನದ ಎರಡನೇ ದಶಕದಲ್ಲಿ ಕೋಲಾರದ ಕಡೆಯ ಸಣ್ಣ ರೈಲುಮಾರ್ಗದ ಮೂಲಕ ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳಿಗೂ ರೈಲು ಬಂದು, ಮುಂದೆ ಬಸ್ಸು, ಶಾಲೆಯ ರಜೆ, ಸರ್ಕಾರಿ ನೌಕರಿ ಎಲ್ಲವೂ ಕೂಡಿಬಂದ ಮೇಲೆ ಸಂಸಾರವೆಲ್ಲ ಒಟ್ಟಿಗೆ ಬೀಗ ಹಾಕಿಕೊಂಡು ಹೊರಡುವುದು ಸಾಧ್ಯವಾಯಿತು. ಪಂಜರವು ಪಕ್ಕದ ಮನೆಯ ಜಗುಲಿಗೆ ದಾಟಿದ್ದು ಈ ಬೀಗದ ಕಾಲದಲ್ಲಿ ಎನ್ನುವುದು ಸರಿಯಾದೀತು.

ಒಪ್ಪಿಸುವ ಕಲೆಯನ್ನು ಈ ಸೀಮೆ ನಿಜವಾಗಿ ಕಲಿತದ್ದು ರೇಷ್ಮೆಹುಳುವಿನಿಂದ. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನು ಪ್ರೋತ್ಸಾಹಿಸಿದ ರೇಷ್ಮೆ ಕಸುಬಿನಲ್ಲಿ ಶಿಡ್ಲಘಟ್ಟ ಇಂದು ಗೂಡಿನ ದೊಡ್ಡ ಮಾರುಕಟ್ಟೆಯುಳ್ಳ ಊರು. ಹುಳು ನಾಲ್ಕು ಬಾರಿ ಪೊರೆ ಕಳಚುತ್ತದೆ. ಮೇವು ಬಿಟ್ಟು ಅಲುಗಾಡದೆ ಇರುವ ಆ ಸ್ಥಿತಿಗೆ ರೈತರು ‘ಜ್ವರ’ ಎನ್ನುತ್ತಾರೆ. ಮೊಟ್ಟೆಯೊಡೆದು ಬಂದ ಮರಿಗಳನ್ನು ಎರಡನೇ ಜ್ವರ ಕಳೆಯುವವರೆಗೆ, ಎಂದರೆ ಸುಮಾರು 8 ದಿನ, ಎಳೆಯ ಸೊಪ್ಪು ಹಾಕಿ ಸಾಕುವುದಕ್ಕೆ ‘ಚಾಕಿ’ ಎಂದು ಹೆಸರು, ಮತ್ತು ಈ ಕೆಲಸವನ್ನು ಅದಕ್ಕಾಗಿಯೇ ಇರುವ ಚಾಕಿ ಕೇಂದ್ರಗಳಿಗೆ ವಹಿಸುವುದು ಈಗ ಸಾಮಾನ್ಯ. ಕೊಂಡೊಯ್ಯುವುದು ತಂಪುಹೊತ್ತಿನಲ್ಲಿ, ಜ್ವರದಲ್ಲಿದ್ದಾಗ ಮುಟ್ಟುವಂತಿಲ್ಲ, ಮನೆಯನ್ನು ಮೊದಲೇ ತೊಳೆದು ಸಿದ್ಧಪಡಿಸಿರಬೇಕು ಎಂಬ ನಿಯಮಗಳು ರೈತರಿಗೆ ಬಾಯಿಪಾಠ. ನಾಲ್ಕನೇ ಜ್ವರ ಎದ್ದ ಹುಳು ತನ್ನ ಜೀವಮಾನದ ಮೇವಿನ ಬಹುಪಾಲನ್ನು ತಿನ್ನುವ ಒಂದು ವಾರವಂತೂ ಯಾವ ಮದುವೆಯ ಕರೆಯೋಲೆ ಬಂದರೂ ಮನೆಯಲ್ಲಿ ಆಳು ಉಳಿಯಲೇಬೇಕು. 25 ದಿನ ಬಾಳುವ ಹುಳುವಿಗೆ ಇಷ್ಟು ಕಟ್ಟುನಿಟ್ಟಾದ ಹಸ್ತಾಂತರ ರೂಪುಗೊಂಡ ಊರಿನಲ್ಲಿ, ಸಾಕಿದರೆ 20ರಿಂದ 30 ವರ್ಷ ಬದುಕಬಲ್ಲ ಗಿಳಿಯನ್ನು ಬಸ್ಸಿನ ಹೊತ್ತಿಗೆ ‘ಸ್ವಲ್ಪ ನೋಡಿಕೊಳ್ಳಿ’ ಎಂದಷ್ಟೇ ಹೇಳಿ ಬಿಟ್ಟುಹೋಗುವುದು ಖೇದದ ಸಂಗತಿ. ಗಿಳಿ ಒಬ್ಬರ ದನಿಗೆ ಒಗ್ಗುವ ಹಕ್ಕಿ. ಆ ದನಿ ಏಕಾಏಕಿ ನಿಂತಾಗ ಅದು ಮೇವು ಬಿಡುವುದೂ, ತನ್ನ ಎದೆಯ ಗರಿಗಳನ್ನು ತಾನೇ ಕಿತ್ತುಕೊಳ್ಳುವುದೂ ಉಂಟು.

ಗೌರಿಬಿದನೂರಿನ ಮುಸುಕಿನ ಜೋಳದ ಹೊಲದಲ್ಲಿ ಕವಣೆಕಲ್ಲಿನ ಏಟು ತಿನ್ನುವ ಗಿಳಿಯೇ ಪೇಟೆಯ ಪಂಜರದಲ್ಲಿ ಮುದ್ದಿನದಾಗಿತ್ತು. ಮರದ ಪೊಟರೆಯಿಂದ ರೆಕ್ಕೆ ಬಲಿಯದ ಮರಿಯನ್ನು ತೆಗೆದು ತರುವುದನ್ನು ಯಾರೂ ತಪ್ಪೆಂದು ಎಣಿಸುತ್ತಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಎಣಿಕೆಯನ್ನು ಬದಲಿಸಿತು. 1990ರ ದಶಕದ ಆರಂಭದಲ್ಲಿ ದೇಶಿ ಹಕ್ಕಿಗಳ ವ್ಯಾಪಾರ ನಿಷೇಧಗೊಂಡಿತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಕೊರಳಪಟ್ಟಿಯ ನಮ್ಮ ಗಿಳಿ 2ನೇ ಅನುಸೂಚಿಗೆ, ಎಂದರೆ ರಕ್ಷಿತ ಜೀವಿಗಳ ಪಟ್ಟಿಗೆ, ಸೇರಿತು. ಅದನ್ನು ಇಟ್ಟುಕೊಳ್ಳುವುದೇ ಅಪರಾಧವಾದ್ದರಿಂದ ನೆರೆಮನೆಗೆ ಒಪ್ಪಿಸಿದವರ ಜೊತೆ ಒಪ್ಪಿಸಿಕೊಂಡವರೂ ತೊಂದರೆಗೆ ಸಿಲುಕುತ್ತಾರೆ. ಹಾಗೆಂದು ರೆಕ್ಕೆ ಕತ್ತರಿಸಿದ ಹಕ್ಕಿಯನ್ನು ತೋಪಿಗೆ ಬಿಟ್ಟರೆ ಅದು ಬೆಕ್ಕು, ಹದ್ದುಗಳ ಪಾಲಾಗುತ್ತದೆ. ಅರಣ್ಯ ಇಲಾಖೆಗೆ ಒಪ್ಪಿಸುವುದೇ ಅದಕ್ಕೆ ಉಳಿದ ದಾರಿ. ಪಂಜರಗಳಲ್ಲಿ ಈಗ ಕಾಣುವವು ಹೆಚ್ಚಾಗಿ ಆಸ್ಟ್ರೇಲಿಯಾ ಮೂಲದ ಬಡ್ಜರಿಗರ್, ಕಾಕಟೀಲ್‌ಗಳು. ಆಫ್ರಿಕಾದ ಬೂದುಗಿಳಿಯಂಥ ಹಕ್ಕಿಯನ್ನು ಸಾಕುವವರು 2024ರ ನಿಯಮಗಳಂತೆ ನೋಂದಾಯಿಸಿರಬೇಕು. ಇಂಥ ಹಕ್ಕಿಯನ್ನು ರಜೆಗೆ ನೆರೆಮನೆಯಲ್ಲಿ ಬಿಡುವವರು ನೋಂದಣಿಯ ಕಾಗದದ ಪ್ರತಿಯನ್ನು ಜೊತೆಗಿಟ್ಟು, ಪಂಜರವನ್ನು ಎರಡು ಮೂರು ದಿನ ಮುಂಚೆಯೇ ತಂಪುಹೊತ್ತಿನಲ್ಲಿ ಅಲ್ಲಿಗೆ ಒಯ್ದು, ಅದು ಯಾವ ಮಾತಿಗೆ ಓಗೊಡುತ್ತದೆ, ಸಂಜೆ ಯಾವ ಬಟ್ಟೆ ಮುಚ್ಚಿದರೆ ಸುಮ್ಮನಾಗುತ್ತದೆ ಎಂಬುದನ್ನು ತಿಳಿಸಿ, ಆ ಬಟ್ಟೆಯನ್ನೂ ಒಗೆಯದೆ ಹಾಗೆಯೇ ಕೊಟ್ಟುಬರುವುದು ಒಳ್ಳೆಯದು.