ಮೈಸೂರಿನ ಜಾವಾ ಯಂತ್ರವೂ ಅದರ ಜೀರ್ಣೋದ್ಧಾರವೂ

ಮೈಸೂರು ನಗರದ ಯಾದವಗಿರಿಯಲ್ಲಿ 1961ರಿಂದ 1996ರ ವರೆಗೆ ಒಂದು ಮೋಟಾರು ಸೈಕಲ್ಲಿನ ಕಾರ್ಖಾನೆ ನಡೆಯುತ್ತಿದ್ದಿತು. ಮೊದಲು ಜಾವಾ ಎಂದೂ ಅನಂತರ ಯೆಜ್ಡಿ ಎಂದೂ ಹೆಸರುಗೊಂಡ ಅಲ್ಲಿಯ ವಾಹನಗಳಲ್ಲಿ ಎಷ್ಟೋ ಇಂದಿಗೂ ಹಳ್ಳಿಯ ಕೊಟ್ಟಿಗೆಗಳಲ್ಲಿಯೂ ಪೇಟೆಯ ಮನೆಗಳ ಮೆಟ್ಟಿಲ ಕೆಳಗೂ ಗುಜರಿ ಅಂಗಡಿಗಳಲ್ಲಿಯೂ ಧೂಳು ಹಿಡಿದು ನಿಂತಿರುವುವು. ಯಂತ್ರವಿದ್ಯೆಯ ಗಂಧವೂ ಇಲ್ಲದ ತರುಣರು ಇವನ್ನು ಕೊಂಡು ತಂದು, ತಮ್ಮ ಕೈಯಿಂದಲೇ ಬಿಚ್ಚಿ ಜೋಡಿಸಿ, ಮತ್ತೆ ಬೀದಿಗೆ ಇಳಿಸುತ್ತಿರುವರು. ಮಾಡಿದವರ ಕಾರ್ಖಾನೆಯೇ ಇಲ್ಲದಿರುವಲ್ಲಿ, ಕಲಿಯದವನ ಕೈಗೆ ಯಂತ್ರವು ಒಲಿಯುವುದು ಹೇಗೆ? ಇದಕ್ಕೆ ಉತ್ತರವು ಬಹುಮಟ್ಟಿಗೆ ಆ ಯಂತ್ರದ ಚರಿತ್ರೆಯಲ್ಲಿಯೇ ಇರುವುದು.

ಇದರ ವಂಶದ ಮೂಲಪುರುಷನು ಚೆಕೊಸ್ಲೊವಾಕಿಯದ ಫ್ರಾಂಟಿಷೆಕ್ ಯಾನೆಚೆಕ್. ಆಯುಧಗಳ ತಯಾರಿಕೆಯಲ್ಲಿ ತೊಡಗಿದ್ದ ಈತನು 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರು ಸೈಕಲ್ಲು ಮಾಡುವ ಹಕ್ಕನ್ನು ಕೊಂಡನು. ತನ್ನ ಹೆಸರಿನ ಮೊದಲ ಅಕ್ಷರವನ್ನೂ ಆ ಸಂಸ್ಥೆಯ ಹೆಸರಿನ ಮೊದಲ ಅಕ್ಷರವನ್ನೂ ಕೂಡಿಸಿ ಹೆಸರಿಟ್ಟನು. ಚೆಕ್ ಜನರು ಅದನ್ನು ಯಾವಾ ಎಂದೇ ಉಚ್ಚರಿಸುವರು. ಜಾವಾ ಎಂಬುದು ನಮ್ಮವರು ಬರೆಹವನ್ನು ನೋಡಿ ಓದಿದ್ದು. ಎರಡನೆಯ ಮಹಾಯುದ್ಧದಲ್ಲಿ ದೇಶವು ಜರ್ಮನರ ವಶವಾಗಿ, ಯಾನೆಚೆಕ್ಕನು 1941ರಲ್ಲಿ ತೀರಿಕೊಂಡನು. ಆದರೂ ಅಲ್ಲಿಯ ಶಿಲ್ಪಿಗಳು ಒಂದು ಹೊಸ 250ರ ಯಂತ್ರವನ್ನು ಗುಟ್ಟಾಗಿ ರೂಪಿಸುತ್ತಿದ್ದರು; ಅದು 1946ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಬೆಳಕಿಗೆ ಬಂದಿತು. ಅದರಿಂದ ಬೆಳೆದು 1954ರಲ್ಲಿ ಹೊರಟ 353 ಎಂಬ ಮಾದರಿಯೇ ಮೈಸೂರಿಗೆ ಬಂದುದು.

ಸ್ವಾತಂತ್ರ್ಯಾನಂತರದ ದಿನಗಳಲ್ಲಿ ಪರದೇಶದ ಆಮದಿಗೆ ನಿರ್ಬಂಧಗಳು ಹೆಚ್ಚಿದುವು. ಹೊರಗಿನಿಂದ ವಾಹನಗಳನ್ನು ತರಿಸಿ ಮಾರುವುದಕ್ಕಿಂತ ಇಲ್ಲಿಯೇ ಮಾಡುವುದು ಮೇಲೆಂದು ಎಣಿಸಿದ ಇರಾನಿ ಮನೆತನದವರು 1960ರಲ್ಲಿ ಐಡಿಯಲ್ ಜಾವಾ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ ಪ್ರೋತ್ಸಾಹವೂ ದೊರೆಯಿತು. 1961ರಲ್ಲಿ ಕಾರ್ಖಾನೆಯನ್ನು ಅವರೇ ಉದ್ಘಾಟಿಸಿದರು. ಚೆಕ್ ಸಂಸ್ಥೆಯೊಡನೆ ಇದ್ದ ಒಪ್ಪಂದವು ಮುಗಿದ ಮೇಲೆ, 1970ರ ದಶಕದಲ್ಲಿ, ವಾಹನಕ್ಕೆ ಯೆಜ್ಡಿ ಎಂಬ ಹೆಸರಾಯಿತು. ಇರಾನಿನ ಯಜ್ದ್ ನಗರದ ನೆನಪಿನಿಂದ ಈ ಹೆಸರು ಬಂದಿತೆಂದು ಪ್ರತೀತಿ. ಆ ನಗರದ ಹೆಸರಿನಲ್ಲಿ ಅವೆಸ್ತಾ ಭಾಷೆಯ 'ಯಜ್' ಧಾತುವನ್ನು ಕಾಣುವವರುಂಟು. ಅದು ನಮ್ಮ ಯಜ್ಞ, ಯಜಮಾನ ಶಬ್ದಗಳ ಧಾತುವಿಗೆ ಒಡಹುಟ್ಟು. ಎಣ್ಣೆಯನ್ನು ಅಗ್ನಿಗೆ ಆಹುತಿಯಿಕ್ಕಿ ಹೊಗೆಯೆಬ್ಬಿಸುವ ಈ ವಾಹನಕ್ಕೆ ಹೆಸರು ಒಪ್ಪಿದೆಯೆನ್ನಲು ಅಡ್ಡಿಯಿಲ್ಲ.

ಯಂತ್ರದ ರಚನೆ ಬಹು ಸರಳ. 65 ಮಿಲಿಮೀಟರು ವ್ಯಾಸ, 75 ಮಿಲಿಮೀಟರು ನಡೆಯುಳ್ಳ ಒಂದೇ ಸಿಲಿಂಡರು. ಒಟ್ಟು ಸುಮಾರು 249 ಘನ ಸೆಂಟಿಮೀಟರು. ಇದು ದ್ವಿಘಾತ ಜಾತಿಯದು. ಕವಾಟಗಳಾಗಲಿ ಅವನ್ನು ಆಡಿಸುವ ಸನ್ನೆಗಳಾಗಲಿ ಇದಕ್ಕಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ನೇ ಏರಿಳಿಯುತ್ತ ಮುಚ್ಚಿ ತೆರೆಯುವುದು. ಪಿಸ್ಟನ್ನು, ಅದರ ತೋಳು, ಅದು ತಿರುಗಿಸುವ ದಂಡ, ಈ ಮೂರೇ ಶಕ್ತಿಯನ್ನು ಹುಟ್ಟಿಸುವಲ್ಲಿ ಚಲಿಸುವ ಮುಖ್ಯಾಂಗಗಳು. ಇವಕ್ಕೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ, ಲೀಟರಿಗೆ ಸುಮಾರು 40ರಿಂದ 50 ಮಿಲಿಲೀಟರಿನಂತೆ, ಬೆರೆಸತಕ್ಕದ್ದು. ಒಂದು ಚಮತ್ಕಾರವೂ ಉಂಟು: ಎಡಗಾಲಿನ ಗೇರಿನ ಸನ್ನೆಯನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದು ಕಿಕ್ಕಿನ ಸನ್ನೆಯಾಗುವುದು. ಇದನ್ನರಿಯದವರು ಕಿಕ್ಕು ಎಲ್ಲಿದೆಯೆಂದು ಗಾಡಿಯ ಸುತ್ತ ಪ್ರದಕ್ಷಿಣೆ ಬರುವುದುಂಟು.

ಇದೇ ಸರಳತೆಯು ಮುಂದೆ ಕಾರ್ಖಾನೆಗೆ ಮುಳುವಾಯಿತು. ದ್ವಿಘಾತ ಯಂತ್ರವು ಬೆರೆಸಿದ ಎಣ್ಣೆಯನ್ನು ಸುಡುವುದಲ್ಲದೆ, ಸುಡದ ಪೆಟ್ರೋಲನ್ನೂ ಅಷ್ಟಿಷ್ಟು ಹೊರಕ್ಕೆ ಬಿಡುವುದು. 1984–85ರಲ್ಲಿ ಜಪಾನೀಯರ ಸಹಯೋಗದಿಂದ ಹಗುರವಾದ, ಕಡಮೆ ಪೆಟ್ರೋಲು ಕುಡಿಯುವ ವಾಹನಗಳು ಬಂದುವು. 1991ರಲ್ಲಿ ಹೊಗೆಯ ನಿಯಮಗಳು ಬಂದು, 1996ರಲ್ಲಿ ಬಿಗಿಯಾದುವು. ಆ ವರ್ಷವೇ ಕಾರ್ಖಾನೆ ನಿಂತಿತು. ನಿಯಮಗಳೇ ಅದನ್ನು ಕೊಂದುವೆಂದು ಅಭಿಮಾನಿಗಳು ಹೇಳುವುದು ಅರ್ಧ ಸತ್ಯ ಮಾತ್ರ. ಕೊಳ್ಳುವವನು ಅದಕ್ಕೆ ಮೊದಲೇ ಹತ್ತು ವರ್ಷಗಳಿಂದ ಬೇರೆ ಅಂಗಡಿಯ ಕಡೆ ನೋಡುತ್ತಿದ್ದನು. ಕೆಲಸಗಾರರು ಚದುರಿದರು. ಆದರೆ ಯಂತ್ರದ ವಿದ್ಯೆಯು ಅದಾಗಲೇ ಕಾರ್ಖಾನೆಯ ಗೋಡೆಯನ್ನು ದಾಟಿ ಊರೂರಿನ ಮೆಕ್ಯಾನಿಕ್ಕುಗಳ ಕೈಯಲ್ಲಿ ನೆಲೆಸಿದ್ದಿತು. ಪುಸ್ತಕಕ್ಕಿಂತ ಹೆಚ್ಚಾಗಿ ಗುರುಶಿಷ್ಯಕ್ರಮದಿಂದ ಉಳಿದ ವಿದ್ಯೆ ಅದು. ಆ ಗುರುಗಳೂ ಈಗ ಮುದುಕರು. ಹೊಸಬರು ಮಾಡುತ್ತಿರುವ ಕೆಲಸಕ್ಕೆ ಬೆಲೆ ಬಂದಿರುವುದು ಈ ಕಾರಣದಿಂದ.

ಹೊಸಬನ ಮೊದಲನೆಯ ಅಪಚಾರ ಆತುರ. ಹತ್ತಿಪ್ಪತ್ತು ವರ್ಷ ನಿಂತ ಯಂತ್ರದಲ್ಲಿ ಪಿಸ್ಟನ್ನು ಸಿಲಿಂಡರಿಗೆ ತುಕ್ಕಿನಿಂದ ಕಚ್ಚಿಕೊಂಡಿರಬಹುದು. ಅದರ ಕಿಕ್ಕಿನ ಮೇಲೆ ಮೈಭಾರವಿಟ್ಟು ನಿಂತರೆ ಒಳಗಿನ ಹಲ್ಲುಗಳು ಮುರಿಯುವುವೇ ಹೊರತು ಪಿಸ್ಟನ್ನು ಬಿಡದು. ಬಲ್ಲವರು ಪ್ಲಗ್ಗನ್ನು ಬಿಚ್ಚಿ, ಆ ರಂಧ್ರದಲ್ಲಿ ತೆಳ್ಳಗಿನ ಎಣ್ಣೆಯನ್ನೋ ಡೀಸಲನ್ನೋ ಹೊಯ್ದು, ಕೆಲವು ದಿನ ಸುಮ್ಮನಿದ್ದು, ಆಮೇಲೆ ಮೇಲಣ ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲನೆ ಹಿಂದಕ್ಕೂ ಮುಂದಕ್ಕೂ ಆಡಿಸುವರು. ಆ ಕೆಲವು ದಿನಗಳ ಕಾಯುವಿಕೆಯೇ ಎಲ್ಲರಿಗೂ ಕಷ್ಟವಾದುದು.

ಯಂತ್ರವು ತಿರುಗತೊಡಗಿದ ಮೇಲೆ ಕಿಡಿ, ಪೆಟ್ರೋಲು, ಒತ್ತಡ ಎಂಬ ಮೂರರಲ್ಲಿ ಯಾವುದು ಇಲ್ಲವೆಂದು ಗೊತ್ತುಮಾಡಬೇಕು. ಇಲ್ಲಿ ತರ್ಕಶಾಸ್ತ್ರದ ಅನ್ವಯವ್ಯತಿರೇಕಗಳೇ ದಾರಿ. ಇದು ಇದ್ದರೆ ಅದುಂಟು, ಇದು ಇಲ್ಲದಿದ್ದರೆ ಅದಿಲ್ಲ ಎಂದು ತೋರಿದಲ್ಲದೆ ಕಾರಣವು ಸಿದ್ಧವಾಗದು. ಹೊಸಬನು ಪ್ಲಗ್ಗನ್ನೂ ಕಂಡೆನ್ಸರನ್ನೂ ಕಾರ್ಬುರೇಟರನ್ನೂ ಒಂದೇ ದಿನ ಬದಲಾಯಿಸಿ, ಯಂತ್ರವು ಹೊತ್ತಿಕೊಂಡಿತೆಂದು ಹಿಗ್ಗುವನು. ದೋಷವು ಯಾವುದರಲ್ಲಿದ್ದಿತೆಂಬುದು ಮಾತ್ರ ಅವನಿಗೆ ತಿಳಿಯದು, ಮರುವಾರ ನಿಂತಾಗ ಮತ್ತೆ ಮೊದಲಿನಿಂದ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವವನ ಕೆಲಸ ನಿಧಾನ, ಆದರೆ ಅವನು ಕಲಿಯುವನು. ಬಿಚ್ಚಿದ ಪ್ಲಗ್ಗನ್ನು ಅದರ ತಂತಿಗೆ ಸಿಕ್ಕಿಸಿ, ಪೆಟ್ರೋಲಿನ ಹನಿಯಿಲ್ಲದ ಕಡೆ ಯಂತ್ರದ ಲೋಹಕ್ಕೆ ತಾಗಿಸಿ ಕಿಕ್ಕು ಹೊಡೆದರೆ ಕಿಡಿಯು ಕಣ್ಣಿಗೆ ಕಾಣಬೇಕು. ಕಾಣದಿದ್ದರೆ ಬ್ಯಾಟರಿಯಿಂದ ಹಿಡಿದು ಪಾಯಿಂಟುಗಳ ವರೆಗೆ ವಿಚಾರಿಸತಕ್ಕದ್ದು. 353ರ ಕಿಡಿಯು 6 ವೋಲ್ಟಿನ ಬ್ಯಾಟರಿಯನ್ನು ನೆಚ್ಚಿರುವುದು. ಪಾಯಿಂಟುಗಳ ಮೇಲಿನ ಕಿಲುಬನ್ನು ಬಲು ನುಣ್ಣನೆಯ ಉಪ್ಪುಕಾಗದದಿಂದ ಒರಸಿದೊಡನೆ ಎಷ್ಟೋ 'ಸತ್ತ' ಯಂತ್ರಗಳು ಎದ್ದಿವೆ.

ಪೆಟ್ರೋಲಿನ ಕಡೆಯ ತೊಡಕು ಬೇರೆ. ಹಳೆಯ ಪೆಟ್ರೋಲು ಆರಿ ಅಂಟಾಗಿ ಕಾರ್ಬುರೇಟರಿನ ಸೂಕ್ಷ್ಮರಂಧ್ರವನ್ನು ಕಟ್ಟುವುದು. ಅದಕ್ಕೆ ತಂತಿ ಚುಚ್ಚಿದರೆ ರಂಧ್ರವೇ ಹಿಗ್ಗಿ ಅಳತೆ ಕೆಡುವುದು. ಗಾಳಿಯೂದಿ ಬಿಡಿಸುವುದು ಉತ್ತಮ. ಟ್ಯಾಂಕಿನ ತುಕ್ಕನ್ನು ತೆಗೆಯದೆ ಕಾರ್ಬುರೇಟರನ್ನು ತೊಳೆದರೆ, ಕೆರೆಯ ಹೂಳೆತ್ತದೆ ಕಾಲುವೆಯನ್ನು ಗುಡಿಸಿದಂತೆ. ಹೊಗೆಯ ಕೊಳವೆಗಳಲ್ಲಿಯೂ ಮಸಿ ಕಟ್ಟಿ ಯಂತ್ರಕ್ಕೆ ಉಸಿರು ಸಿಕ್ಕುವುದಿಲ್ಲ. ಬಾಲದೊಳಗಿನ ಕೊಳವೆಯನ್ನು ಕಳಚಿ ಬೆಂಕಿಗೆ ಹಿಡಿದು ಮಸಿಯನ್ನು ಸುಡುವುದು ಹಳೆಯ ಮೆಕ್ಯಾನಿಕ್ಕುಗಳ ರೂಢಿ.

ಹೊತ್ತಿಕೊಂಡ ಮೇಲೆಯೂ ಕಣ್ಣು ಕಿವಿಗಳಿಗೆ ಕೆಲಸ ಉಂಟು. ಮೊದಲ ಹೊಗೆಯು ಹೊಯ್ದ ಎಣ್ಣೆಯದು, ಸ್ವಲ್ಪ ಹೊತ್ತಿನಲ್ಲಿ ತೆಳುವಾಗಬೇಕು. ಬಿಳಿಯ ಹೊಗೆಯು ನಿಲ್ಲದೆ ಗೇರಿನ ಎಣ್ಣೆಯೂ ಇಳಿಯುತ್ತ ಬಂದರೆ ದಂಡದ ಪಕ್ಕದ ಆಯಿಲ್ ಸೀಲು ಒಣಗಿ ಸೀಳಿರುವುದು. ಇನ್ನೊಂದು ಪಕ್ಕದ ಸೀಲು ಹೋದರೆ ಗಾಳಿ ಸೇರಿ, ಯಂತ್ರವು ತನ್ನಷ್ಟಕ್ಕೆ ತಾನೇ ವೇಗವೇರುವುದು. ಅದನ್ನು ಯಂತ್ರದ ಹುರುಪೆಂದು ಭ್ರಮಿಸಿ ಓಡಿಸಿದವರು ಪಿಸ್ಟನ್ನನ್ನು ಕರಗಿಸಿಕೊಂಡಿರುವರು.

ಬಿಡಿಭಾಗಗಳ ವಿಷಯದಲ್ಲಿ ಈ ವಾಹನವು ತಾಳೆಯೋಲೆಯ ಗ್ರಂಥಕ್ಕೆ ಸಮಾನ. ಜಾವಾದ ಚೌಕಟ್ಟಿಗೆ ಯೆಜ್ಡಿಯ ಸಿಲಿಂಡರು, ಒಂದು ವರ್ಷದ ಟ್ಯಾಂಕು, ಇನ್ನೊಂದು ವರ್ಷದ ದೀಪ: ಕೈಯಿಂದ ಕೈಗೆ ಹೋಗುತ್ತ ಪಾಠಾಂತರಗಳೂ ಪ್ರಕ್ಷೇಪಗಳೂ ಸೇರಿರುವುವು. ಶುದ್ಧ ಪಾಠವನ್ನು ಹುಡುಕುವ ಭರದಲ್ಲಿ ಹೊಳೆಯುವ ಹೊಸ ನಕಲು ಭಾಗಗಳನ್ನು ತುಂಬಿ, ಹಳೆಯ ಮೂಲಭಾಗಗಳನ್ನು ಗುಜರಿಗೆ ಎಸೆಯುವವರೂ ಇರುವರು. ಇದು ಓಲೆಯನ್ನು ಸುಟ್ಟು ಅಚ್ಚಿನ ಪುಸ್ತಕವನ್ನು ಪೂಜಿಸಿದಂತೆ.

ಮೋಟಾರು ವಾಹನದ ಕಾಯಿದೆಯ ಪ್ರಕಾರ ಸ್ವಂತ ಬಳಕೆಯ ಮೋಟಾರು ಸೈಕಲ್ಲಿನ ನೋಂದಣಿಗೆ 15 ವರ್ಷದ ಅವಧಿ, ಆಮೇಲೆ ನವೀಕರಿಸಬೇಕು. 2021ರಲ್ಲಿ ಬಂದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿ ಮೂಲರೂಪದಲ್ಲಿ ಉಳಿದ ವಾಹನವನ್ನು ಪ್ರಾಚೀನ ವಾಹನವೆಂದು ಬೇರೆಯಾಗಿ ನೋಂದಾಯಿಸಬಹುದು. ಆದರೆ ನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ. ಯಾವ ದಾರಿಯಾದರೂ ಕಚೇರಿಯವರು ನೋಡುವುದು ಚೌಕಟ್ಟಿನ ಮೇಲೂ ಯಂತ್ರದ ಮೇಲೂ ಕೊರೆದ ಸಂಖ್ಯೆಗಳನ್ನು. ಬಣ್ಣ ಬಳಿಯುವ ಮುನ್ನ ತುಕ್ಕು ಕೆರೆಯುವಾಗ ಆ ಅಂಕೆಗಳ ಮೇಲೆ ಉಜ್ಜುವ ಚಕ್ರವನ್ನು ಆಡಿಸಿದವನ ಗಾಡಿಯು ಎಷ್ಟು ಇಂಪಾಗಿ ಓಡಿದರೂ ಅಂಗಳವನ್ನು ದಾಟುವುದು ಕಷ್ಟ.